ಸರ್ವರ್‌ನ ಸಿಸ್ಟಮ್ ಈವೆಂಟ್ ಲಾಗ್: ರೆಡ್‌ಫಿಶ್ ಎಪಿಐ ಮೂಲಕ ತೆಗೆಯುವುದು, ಸೋಸುವುದು – ಪದೇ ಪದೇ ಕೇಳುವ ಪ್ರಶ್ನೆಗಳು

ರ‍್ಯಾಕ್ ಸರ್ವರ್‌ಗಳನ್ನು ನೋಡಿಕೊಳ್ಳುವವರಿಗಾಗಿ ಈ ಪುಟ. ರೆಡ್‌ಫಿಶ್ ಎಂದರೆ ಸರ್ವರ್‌ನ ಯಂತ್ರಭಾಗಗಳ ಸ್ಥಿತಿಯನ್ನು ನೆಟ್‌ವರ್ಕ್ ಮೂಲಕ ಕೇಳಿ ತಿಳಿಯುವ ಎಪಿಐ, ಅಂದರೆ ಪ್ರೋಗ್ರಾಂಗಳು ಪರಸ್ಪರ ಮಾತಾಡುವ ವಿಧಾನ. ಎಪಿಐನ ಹೆಸರುಗಳನ್ನೆಲ್ಲ ಉಚ್ಚಾರಣೆಯಂತೆ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಬಳಸಬೇಕು. ವಿಳಾಸದ ಆರಂಭದ 'ರೆಡ್‌ಫಿಶ್' ಮತ್ತು 'ವಿ1' ಪೂರ್ತಿ ಸಣ್ಣಕ್ಷರ. ಅದರ ಮುಂದಿನ ಸಿಸ್ಟಮ್ಸ್, ಲಾಗ್‌ಸರ್ವೀಸಸ್, ಎಂಟ್ರೀಸ್ ಮೊದಲಾದವುಗಳಲ್ಲಿ ಒಳಗಿರುವ ಪ್ರತಿ ಪದದ ಮೊದಲಕ್ಷರ ದೊಡ್ಡದು. ಅಂದರೆ ಲಾಗ್‌ಸರ್ವೀಸಸ್‌ನಲ್ಲಿ ಎಲ್ ಕೂಡ ದೊಡ್ಡದು, ಎಸ್ ಕೂಡ ದೊಡ್ಡದು. ಇದರಲ್ಲಿ ಎಡವಿ 404 (ವಿಳಾಸ ಸಿಗಲಿಲ್ಲ) ನೋಡುತ್ತಾ ಕೂರುವವರು ಬಹಳ.

ಸಿಸ್ಟಮ್ ಈವೆಂಟ್ ಲಾಗ್ ಅಂದರೆ ಲಿನಕ್ಸ್‌ನ ಸಿಸ್‌ಲಾಗ್ ತಾನೇ?

ಅಲ್ಲ. ಸಿಸ್‌ಲಾಗ್ ಬರೆಯುವುದು ಆಪರೇಟಿಂಗ್ ಸಿಸ್ಟಮ್. ಅದು ನೇತುಬಿದ್ದರೆ ಬರವಣಿಗೆಯೂ ನಿಂತಿತು. ಸಿಸ್ಟಮ್ ಈವೆಂಟ್ ಲಾಗ್, ಅಂದರೆ ಎಸ್‌ಇಎಲ್, ಬರೆಯುವುದು ಮದರ್‌ಬೋರ್ಡ್ ಮೇಲೆ ಕೂತಿರುವ ಇನ್ನೊಂದು ಪುಟ್ಟ ಕಂಪ್ಯೂಟರ್: ಬಿಎಂಸಿ. ಸರ್ವರ್ ಆಫ್ ಆಗಿದ್ದರೂ ಪವರ್ ಕೇಬಲ್ ಸಿಕ್ಕಿಸಿದ್ದರೆ ಸಾಕು, ಸ್ಟ್ಯಾಂಡ್‌ಬೈ ಕರೆಂಟ್‌ನಲ್ಲಿ ಅದು ಎಚ್ಚರವಾಗಿಯೇ ಇರುತ್ತದೆ. ಫ್ಯಾನ್ ನಿಂತದ್ದು, ತಾಪಮಾನ ಏರಿದ್ದು, ಪವರ್ ಸಪ್ಲೈ ಕೈಕೊಟ್ಟದ್ದು, ಮೆಮೊರಿಯಲ್ಲಿ ಇಸಿಸಿ ದೋಷ (ಓದಿದ ಬಿಟ್ ತಪ್ಪಿರುವುದು) ಕಂಡದ್ದು, ಪೆಟ್ಟಿಗೆಯ ಮುಚ್ಚಳ ತೆಗೆದದ್ದು ಎಲ್ಲ ಅಲ್ಲಿ ಬೀಳುತ್ತವೆ.

ಈ ಲಾಗ್‌ನ ರೂಪ ಬಂದಿರುವುದು ಐಪಿಎಂಐ ಎಂಬ ನಿಯಮಾವಳಿಯಿಂದ; ಇಂಟೆಲ್, ಎಚ್‌ಪಿ, ಎನ್‌ಇಸಿ, ಡೆಲ್ ಸೇರಿ 1998ರಲ್ಲಿ ತಂದದ್ದು. ಅದರಲ್ಲಿ ಒಂದು ದಾಖಲೆಗೆ 16 ಬೈಟ್ ಮಾತ್ರ: ಕ್ರಮಸಂಖ್ಯೆಗೆ 2, ದಾಖಲೆಯ ಬಗೆಗೆ 1, ಸಮಯಕ್ಕೆ 4, ಕಳಿಸಿದವರ ಗುರುತಿಗೆ 2, ಆವೃತ್ತಿ, ಸೆನ್ಸರ್ ಬಗೆ, ಸೆನ್ಸರ್ ಸಂಖ್ಯೆ, ಘಟನೆಯ ದಿಕ್ಕು ಇವಕ್ಕೆ ತಲಾ 1, ಕೊನೆಗೆ ವಿವರಕ್ಕೆ 3. ಇಷ್ಟು ಇಕ್ಕಟ್ಟಾದ ಪುಸ್ತಕ ಅದು. ಮುಂದೆ ಬರುವ ಅರ್ಧಕ್ಕರ್ಧ ತಕರಾರುಗಳ ಮೂಲ ಈ ಇಕ್ಕಟ್ಟೇ.

ಐಪಿಎಂಐಟೂಲ್ ಎಂಬ ಆದೇಶಸಾಲಿನ ಸಾಧನದಲ್ಲಿ 'ಎಸ್‌ಇಎಲ್ ಇಲಿಸ್ಟ್' ಕೊಟ್ಟರೆ ಎಲ್ಲ ಬರುತ್ತದಲ್ಲ, ವೆಬ್ ಎಪಿಐ ಯಾಕೆ?

ಒಂದೇ ಸರ್ವರ್, ಅದರ ಮುಂದೆಯೇ ಕೂತಿದ್ದೀರಿ ಎಂದರೆ ಐಪಿಎಂಐಟೂಲ್ ಈಗಲೂ ಚೆನ್ನಾಗಿಯೇ ಕೆಲಸ ಮಾಡುತ್ತದೆ. ನೆಟ್‌ವರ್ಕ್ ಮೇಲೆ ಬಳಸುವುದಾದರೆ ಮಾತ್ರ ಬೇಡ. ಐಪಿಎಂಐ 2.0ರ ಲಾಗಿನ್ ಕ್ರಮದಲ್ಲೇ ಒಂದು ಹುಳುಕಿದೆ: ನೀವು ಯಾರೆಂದು ಖಚಿತವಾಗುವ ಮೊದಲೇ ಬಿಎಂಸಿ ಪಾಸ್‌ವರ್ಡ್‌ನ ಹ್ಯಾಶ್ (ಅದರಿಂದ ಲೆಕ್ಕ ಹಾಕಿದ ಗುರುತು) ಅನ್ನು ಕೇಳಿದವರ ಕೈಗೆ ಕೊಟ್ಟುಬಿಡುತ್ತದೆ. ಅದನ್ನು ಮನೆಗೆ ಒಯ್ದು ಪುರುಸೊತ್ತಿನಲ್ಲಿ ಒಡೆಯಬಹುದು. 2013ರಿಂದ ಎಲ್ಲರಿಗೂ ಗೊತ್ತಿರುವ ವಿಷಯ. ದೋಷ ನಿಯಮಾವಳಿಯಲ್ಲೇ ಇರುವುದರಿಂದ ಫರ್ಮ್‌ವೇರ್ ಅಪ್‌ಡೇಟ್‌ನಿಂದ ಹೋಗುವಂಥದ್ದಲ್ಲ.

ರೆಡ್‌ಫಿಶ್ ಅನ್ನು ಡಿಎಂಟಿಎಫ್ ಎಂಬ ಮಾನದಂಡ ಸಂಸ್ಥೆ 2015ರಲ್ಲಿ ಹೊರತಂದಿತು. ಎಚ್‌ಟಿಟಿಪಿಎಸ್ ಮೇಲೆ ಕೇಳುತ್ತೀರಿ, ಜೇಸನ್ ಎಂಬ ಹೆಸರು-ಬೆಲೆ ಜೋಡಿಗಳ ಪಠ್ಯರೂಪದಲ್ಲಿ ಉತ್ತರ ಬರುತ್ತದೆ. ಡೆಲ್‌ನ ಐಡ್ರ್ಯಾಕ್, ಎಚ್‌ಪಿಇಯ ಐಎಲ್‌ಒ, ಮುಕ್ತ ತಂತ್ರಾಂಶವಾದ ಓಪನ್‌ಬಿಎಂಸಿ ಈ ಬಿಎಂಸಿಗಳಿಗೆಲ್ಲ ಇದು ಬರುತ್ತದೆ. ಬ್ರೌಸರ್, ಕರ್ಲ್ (ಆದೇಶಸಾಲಿನಿಂದ ವೆಬ್ ವಿಳಾಸ ಕರೆಯುವ ಸಾಧನ), ಪೈಥಾನ್ ಯಾವುದರಿಂದಲೂ ಮಾತಾಡಿಸಬಹುದು.

ಲಾಗ್‌ನ ವಿಳಾಸ ಯಾವುದು? ಒಂದೊಂದು ಕಡೆ ಒಂದೊಂದು ಥರ ಕಾಣುತ್ತಿದೆ.

ಹೌದು, ಒಂದೊಂದು ಥರವೇ. ನಿಯಮಾವಳಿ ಲಾಗ್ ಅನ್ನು ಸಿಸ್ಟಮ್ಸ್ ಕೆಳಗೋ ಮ್ಯಾನೇಜರ್ಸ್ ಕೆಳಗೋ ಚಾಸಿಸ್ ಕೆಳಗೋ ಇಡಬಹುದು ಎನ್ನುತ್ತದೆ. ತಯಾರಕರು ತಮಗೆ ತೋಚಿದಲ್ಲಿ ಇಟ್ಟಿದ್ದಾರೆ:

ಐಡ್ರ್ಯಾಕ್ 9: /ರೆಡ್‌ಫಿಶ್/ವಿ1/ಮ್ಯಾನೇಜರ್ಸ್/ಐಡ್ರ್ಯಾಕ್.ಎಂಬೆಡೆಡ್.1/ಲಾಗ್‌ಸರ್ವೀಸಸ್/ಸೆಲ್/ಎಂಟ್ರೀಸ್
ಐಎಲ್‌ಒ 5: /ರೆಡ್‌ಫಿಶ್/ವಿ1/ಸಿಸ್ಟಮ್ಸ್/1/ಲಾಗ್‌ಸರ್ವೀಸಸ್/ಐಎಂಎಲ್/ಎಂಟ್ರೀಸ್
ಓಪನ್‌ಬಿಎಂಸಿ: /ರೆಡ್‌ಫಿಶ್/ವಿ1/ಸಿಸ್ಟಮ್ಸ್/ಸಿಸ್ಟಮ್/ಲಾಗ್‌ಸರ್ವೀಸಸ್/ಈವೆಂಟ್‌ಲಾಗ್/ಎಂಟ್ರೀಸ್ (ಇಲ್ಲಿನ 'ಸಿಸ್ಟಮ್' ಮಾತ್ರ ಪೂರ್ತಿ ಸಣ್ಣಕ್ಷರ)

ಇವನ್ನು ಸ್ಕ್ರಿಪ್ಟ್‌ನಲ್ಲಿ ನೇರವಾಗಿ ಬರೆದಿಡಬೇಡಿ. ಬೇರಿನಿಂದ ಇಳಿಯುತ್ತಾ ಬನ್ನಿ. /ರೆಡ್‌ಫಿಶ್/ವಿ1/ ಎಂಬ ಬೇರು ಪಾಸ್‌ವರ್ಡ್ ಇಲ್ಲದೆಯೇ ಸಿಗುತ್ತದೆ. ಅದರಲ್ಲಿ ಸಿಸ್ಟಮ್ಸ್‌ನ ಕೊಂಡಿ ಇದೆ. ಅಲ್ಲಿನ ಮೆಂಬರ್ಸ್ ಪಟ್ಟಿಯ ಪ್ರತಿ ಸದಸ್ಯನನ್ನು ತೆರೆಯಿರಿ. ಅದರೊಳಗೆ ಲಾಗ್‌ಸರ್ವೀಸಸ್ ಕೊಂಡಿ ಇದ್ದರೆ ಹಿಂಬಾಲಿಸಿ. ಅಲ್ಲಿನ ಪ್ರತಿ ಲಾಗ್‌ನಲ್ಲೂ ಎಂಟ್ರೀಸ್ ಎಂಬ ಕೊಂಡಿ ಸಿಗುತ್ತದೆ. ಮ್ಯಾನೇಜರ್ಸ್, ಚಾಸಿಸ್‌ಗೂ ಇದನ್ನೇ ಮಾಡಿ. ಇಪ್ಪತ್ತು ಸಾಲಿನ ಕೋಡ್. ಫರ್ಮ್‌ವೇರ್ ಬದಲಾದಾಗ ವಿಳಾಸ ಬದಲಾದರೂ ಇದು ಮುರಿಯುವುದಿಲ್ಲ.

ಲಾಗಿನ್ ಹೇಗೆ? ಬೇಸಿಕ್ ಸಾಲದೇ?

ಒಂದು ಸಲ ನೋಡಿ ಬಿಡುವುದಕ್ಕೆ ಬೇಸಿಕ್, ಅಂದರೆ ಪ್ರತಿ ಕರೆಯಲ್ಲೂ ಹೆಸರು, ಪಾಸ್‌ವರ್ಡ್ ಕಳಿಸುವುದು, ಸಾಕು. ಪದೇ ಪದೇ ಕೇಳುವ ಸ್ಕ್ರಿಪ್ಟ್‌ಗೆ ಸೆಷನ್ ತೆರೆಯುವುದೇ ಸರಿ. ಬೇಸಿಕ್‌ನಲ್ಲಿ ಪ್ರತಿ ಕರೆಯೂ ಹೊಸ ಲಾಗಿನ್. ಎಷ್ಟೋ ಸರ್ವರ್‌ಗಳು ಆ ಲಾಗಿನ್, ಲಾಗೌಟ್‌ಗಳನ್ನೂ ಲಾಗ್ ಮಾಡುತ್ತವೆ. ನೀವು ಲಾಗ್ ಓದಲು ಹೋದದ್ದರಿಂದಲೇ ಇನ್ನೊಂದು ಲಾಗ್ ತುಂಬುತ್ತಾ ಹೋಗುತ್ತದೆ.

/ರೆಡ್‌ಫಿಶ್/ವಿ1/ಸೆಷನ್‌ಸರ್ವೀಸ್/ಸೆಷನ್ಸ್‌ಗೆ ಯೂಸರ್‌ನೇಮ್, ಪಾಸ್‌ವರ್ಡ್ ಎಂಬ ಎರಡು ಕ್ಷೇತ್ರಗಳ ಜೇಸನ್ ಅನ್ನು ಪೋಸ್ಟ್ ಮಾಡಿ. 201, ಅಂದರೆ 'ಸೃಷ್ಟಿಯಾಯಿತು', ಬರುತ್ತದೆ. ಉತ್ತರದ ಹೆಡರ್‌ಗಳಲ್ಲಿ ಎರಡನ್ನು ಎತ್ತಿಟ್ಟುಕೊಳ್ಳಿ: ಎಕ್ಸ್-ಆಥ್-ಟೋಕನ್ ಮತ್ತು ಲೊಕೇಶನ್. ಮೊದಲನೆಯದನ್ನು ಮುಂದಿನ ಪ್ರತಿ ಕರೆಯ ಹೆಡರ್‌ನಲ್ಲಿ ಕಳಿಸಿ. ಎರಡನೆಯದು ಕೆಲಸ ಮುಗಿದ ಮೇಲೆ ಡಿಲೀಟ್ ಮಾಡಬೇಕಾದ ವಿಳಾಸ.

ಈ ಡಿಲೀಟ್ ಅನ್ನು ಮರೆಯುವುದೇ ಅತಿ ಸಾಮಾನ್ಯ ತಪ್ಪು. ಬಿಎಂಸಿಯಲ್ಲಿ ಏಕಕಾಲಕ್ಕೆ ಇರಬಹುದಾದ ಸೆಷನ್‌ಗಳು ಬೆರಳೆಣಿಕೆಯಷ್ಟು. ಸ್ಕ್ರಿಪ್ಟ್ ಐದು ನಿಮಿಷಕ್ಕೊಮ್ಮೆ ತೆರೆದು ಮುಚ್ಚದೆ ಹೋದರೆ ಬೆಳಗಾಗುವುದರೊಳಗೆ ಜಾಗ ತುಂಬಿ, ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಒಳಗೆ ಬಿಡುವುದಿಲ್ಲ. ಪೈಥಾನ್‌ನಲ್ಲಿ ಬರೆಯುವುದಾದರೆ ಡಿಲೀಟ್ ಕರೆ 'ಫೈನಲಿ' ಭಾಗದಲ್ಲಿರಲಿ. ನಡುವೆ ಎಡವಿದರೂ ಬಾಗಿಲು ಮುಚ್ಚಿಯೇ ಹೊರಬರುತ್ತದೆ. ಸೆಷನ್‌ಸರ್ವೀಸ್‌ನ ಸೆಷನ್‌ಟೈಮ್‌ಔಟ್ ಅನ್ನು 30ರಿಂದ 86400 ಸೆಕೆಂಡ್‌ವರೆಗೆ ಇಡಬಹುದು. ದೊಡ್ಡ ಸಂಖ್ಯೆ ಇಟ್ಟಷ್ಟೂ ಈ ತಾಪತ್ರಯ ಹೆಚ್ಚು.

ಯಾವ ಹಕ್ಕಿನ ಖಾತೆ ಬೇಕು?

ರೀಡ್‌ಓನ್ಲಿ. ಓದಲು ಅಷ್ಟೇ ಸಾಕು. ಲಾಗ್ ಅಳಿಸಲು ಅದರಿಂದ ಆಗುವುದಿಲ್ಲ, ಆಗಬಾರದು ಕೂಡ.

ಸರ್ಟಿಫಿಕೇಟ್ ದೋಷ ಬರುತ್ತಿದೆ. ಕರ್ಲ್‌ಗೆ ಹೈಫನ್-ಕೆ ಹಾಕಿಬಿಡಲೇ?

ಅದು ಸರ್ಟಿಫಿಕೇಟ್ ತಪಾಸಣೆಯನ್ನೇ ಬಿಡಿಸುತ್ತದೆ. ಮೇಜಿನ ಮೇಲಿನ ಪರೀಕ್ಷೆಗೆ ಹಾಕಿ. ದಿನನಿತ್ಯದ ಸ್ಕ್ರಿಪ್ಟ್‌ನಲ್ಲಿ ಬೇಡ: ಬಿಎಂಸಿ ಪಾಸ್‌ವರ್ಡ್ ಸಿಕ್ಕವರಿಗೆ ಸರ್ವರ್‌ನ ಪವರ್ ಬಟನ್ನೇ ಸಿಕ್ಕಂತೆ. ಬಿಎಂಸಿಗೆ ನಿಮ್ಮ ಸಂಸ್ಥೆಯ ಸರ್ಟಿಫಿಕೇಟ್ ಹಾಕಿ, ಕರ್ಲ್‌ಗೆ ಅದನ್ನು ಕೊಟ್ಟ ಸಿಎ (ಸರ್ಟಿಫಿಕೇಟ್ ಕೊಡುವ ಪ್ರಾಧಿಕಾರ) ಕಡತದ ದಾರಿ ಕೊಡಿ. ಬಿಎಂಸಿ ಪೋರ್ಟ್ ಬೇರೆ ವಿಲ್ಯಾನ್‌ನಲ್ಲೇ (ಪ್ರತ್ಯೇಕಿಸಿದ ನೆಟ್‌ವರ್ಕ್‌ನಲ್ಲೇ) ಇರಬೇಕು ಎಂಬುದನ್ನು ಬೇರೆ ಹೇಳಬೇಕಿಲ್ಲ.

ಒಂದು ಎಂಟ್ರಿಯಲ್ಲಿ ಏನೇನು ಇರುತ್ತದೆ? ಹೇಗೆ ಓದಬೇಕು?

ಮೂರು ಎಂಟ್ರಿಗಳನ್ನು ಒಟ್ಟಿಗೆ ನೋಡಿ. ಒಂಟಿ ಎಂಟ್ರಿ ಯಾವತ್ತೂ ಪೂರ್ತಿ ಕಥೆ ಹೇಳುವುದಿಲ್ಲ.

ಐಡಿ 47 | ಕ್ರಿಯೇಟೆಡ್ 2024-06-14ಟಿ02:17:09+05:30 | ಸಿವಿಯರಿಟಿ ಕ್ರಿಟಿಕಲ್ | ಎಂಟ್ರಿಕೋಡ್ ಅಸರ್ಟ್ | ಪವರ್ ಸಪ್ಲೈ 2: ಒಳಬರುವ ಕರೆಂಟ್ ಇಲ್ಲ
ಐಡಿ 48 | ಕ್ರಿಯೇಟೆಡ್ 2024-06-14ಟಿ02:17:09+05:30 | ಸಿವಿಯರಿಟಿ ಕ್ರಿಟಿಕಲ್ | ಎಂಟ್ರಿಕೋಡ್ ಅಸರ್ಟ್ | ಪವರ್ ಸಪ್ಲೈ ಜೋಡಿ: ರಿಡಂಡೆನ್ಸಿ (ಬದಲಿ ಆಸರೆ) ಹೋಗಿದೆ
ಐಡಿ 49 | ಕ್ರಿಯೇಟೆಡ್ 2024-06-14ಟಿ02:17:31+05:30 | ಸಿವಿಯರಿಟಿ ಓಕೆ | ಎಂಟ್ರಿಕೋಡ್ ಡಿಅಸರ್ಟ್ | ಪವರ್ ಸಪ್ಲೈ 2: ಒಳಬರುವ ಕರೆಂಟ್ ಮರಳಿದೆ

47ನ್ನು ಮಾತ್ರ ನೋಡಿದವರು ಪವರ್ ಸಪ್ಲೈ ಸುಟ್ಟಿದೆ ಎಂದು ಹೊಸದನ್ನು ತರಿಸುತ್ತಾರೆ. 49ರವರೆಗೆ ಓದಿದವರಿಗೆ 22 ಸೆಕೆಂಡಿನ ಅಂತರ ಕಣ್ಣಿಗೆ ಬೀಳುತ್ತದೆ: ಕರೆಂಟ್ ಹೋಗಿ ಜನರೇಟರ್ ಎದ್ದು ನಿಲ್ಲುವಷ್ಟು ಹೊತ್ತು. ಪವರ್ ಸಪ್ಲೈ 1 ಯುಪಿಎಸ್ ಮೇಲಿದೆ, 2 ನೇರ ಲೈನ್ ಮೇಲಿದೆ ಅನ್ನುವುದೇ ಇಲ್ಲಿರುವ ಸುದ್ದಿ. ಬದಲಾಯಿಸಬೇಕಾದ್ದು ಕೇಬಲ್ ಸಿಕ್ಕಿಸಿರುವ ಜಾಗವನ್ನು.

ಅಸರ್ಟ್ ಎಂದರೆ ಸ್ಥಿತಿ ಶುರುವಾಯಿತು, ಡಿಅಸರ್ಟ್ ಎಂದರೆ ಮುಗಿಯಿತು. 47, 48 ಎರಡಕ್ಕೂ ಒಂದೇ ಸಮಯ ಬಿದ್ದಿರುವುದನ್ನೂ ಗಮನಿಸಿ. ಎಸ್‌ಇಎಲ್‌ನ 4 ಬೈಟ್ ಗಡಿಯಾರಕ್ಕೆ ಸೆಕೆಂಡಿಗಿಂತ ಚಿಕ್ಕದು ತಿಳಿಯದು. ಒಂದೇ ಸೆಕೆಂಡಿನ ಘಟನೆಗಳ ಕ್ರಮ ಬೇಕಾದರೆ ಐಡಿಯನ್ನೇ ನಂಬಬೇಕು. ಇವಲ್ಲದೆ ಎಂಟ್ರಿಟೈಪ್, ಸೆನ್ಸರ್‌ಟೈಪ್, ಸೆನ್ಸರ್‌ನಂಬರ್, ಮೆಸೇಜ್‌ಐಡಿ ಇರುತ್ತವೆ. ಸೋಸುವಾಗ ಮೆಸೇಜ್‌ನ ಇಂಗ್ಲಿಷ್ ವಾಕ್ಯಕ್ಕೆ ಜೋತುಬೀಳಬೇಡಿ. ಫರ್ಮ್‌ವೇರ್ ಬದಲಾದಾಗ ವಾಕ್ಯವೂ ಬದಲಾಗಬಹುದು. ಮೆಸೇಜ್‌ಐಡಿ ಅಷ್ಟು ಸುಲಭಕ್ಕೆ ಬದಲಾಗುವುದಿಲ್ಲ.

ಕ್ರಿಟಿಕಲ್ ಇರುವುದನ್ನು ಮಾತ್ರ ತರಿಸುವುದು ಹೇಗೆ?

ವಿಳಾಸದ ಕೊನೆಗೆ ಪ್ರಶ್ನಾರ್ಥಕ ಚಿಹ್ನೆ, ಆಮೇಲೆ:

$ಫಿಲ್ಟರ್=ಸಿವಿಯರಿಟಿ%20ಇಕ್ಯೂ%20%27ಕ್ರಿಟಿಕಲ್%27

%20 ಎಂದರೆ ಖಾಲಿ ಜಾಗ, %27 ಎಂದರೆ ಒಂಟಿ ಉದ್ಧರಣ ಚಿಹ್ನೆ. ಹೋಲಿಸಲು ಇಕ್ಯೂ, ಎನ್‌ಇ, ಜಿಟಿ, ಜಿಇ, ಎಲ್‌ಟಿ, ಎಲ್‌ಇ. ಜೋಡಿಸಲು ಆ್ಯಂಡ್, ಆರ್, ನಾಟ್, ಮತ್ತು ಕಂಸ. ಇವೆಲ್ಲ ಸಣ್ಣಕ್ಷರ. ಸಿವಿಯರಿಟಿಗೆ ಇರುವ ಬೆಲೆಗಳು ಮೂರೇ: ಓಕೆ, ವಾರ್ನಿಂಗ್, ಕ್ರಿಟಿಕಲ್. ಓಕೆಯ ಎರಡೂ ಅಕ್ಷರ ದೊಡ್ಡವು, ಉಳಿದೆರಡಕ್ಕೆ ಮೊದಲಕ್ಷರ ಮಾತ್ರ.

ಮೊದಲು ಒಂದು ಮಾತು ಖಾತ್ರಿ ಮಾಡಿಕೊಳ್ಳಿ. ರೆಡ್‌ಫಿಶ್‌ನಲ್ಲಿ $ಫಿಲ್ಟರ್ ಐಚ್ಛಿಕ. ಬೇರಿನ ಉತ್ತರದಲ್ಲಿ ಪ್ರೋಟೋಕಾಲ್‌ಫೀಚರ್ಸ್‌ಸಪೋರ್ಟೆಡ್ ಎಂಬ ಭಾಗದಲ್ಲಿ ಫಿಲ್ಟರ್‌ಕ್ವೆರಿ ಎಂದಿರುತ್ತದೆ. ಅದು 'ಟ್ರೂ' ಇದ್ದರೆ ಮುಂದುವರಿಯಿರಿ. 'ಫಾಲ್ಸ್' ಇದ್ದರೆ, ಅಥವಾ ಆ ಹೆಸರೇ ಇಲ್ಲದಿದ್ದರೆ, ಪೂರ್ತಿ ಲಾಗ್ ತಂದು ನಿಮ್ಮ ಕಡೆ ಸೋಸಿ.

ನೇರವಾಗಿ ಹೇಳುವುದಾದರೆ, ಹತ್ತಾರು ಬಗೆಯ ಸರ್ವರ್‌ಗಳಿರುವ ಕಡೆ ಎಲ್ಲವನ್ನೂ ತಂದು ನಿಮ್ಮ ಕಡೆ ಸೋಸುವುದೇ ವಾಸಿ. ಎಸ್‌ಇಎಲ್ ದೊಡ್ಡದಲ್ಲ, ಪೂರ್ತಿ ತಂದರೂ ಕಡತ ಸಣ್ಣದೇ. ಜೇಸನ್ ಸೋಸುವ ಜೆಕ್ಯೂ ಎಂಬ ಸಾಧನ ಇದ್ದರೆ ಮೆಂಬರ್ಸ್ ಪಟ್ಟಿಗೆ 'ಸೆಲೆಕ್ಟ್' ಹಾಕಿ ಸಿವಿಯರಿಟಿ ಹೋಲಿಸಿದರೆ ಮುಗಿಯಿತು, ಮತ್ತು ಎಲ್ಲ ತಯಾರಕರ ಯಂತ್ರಕ್ಕೂ ಅದೇ ಸಾಲು ನಡೆಯುತ್ತದೆ. $ಫಿಲ್ಟರ್ ನಿಜಕ್ಕೂ ಬೆಲೆ ಬಾಳುವುದು ಡೆಲ್‌ನ ಲೈಫ್‌ಸೈಕಲ್ ಲಾಗ್‌ನಂಥ ಉದ್ದನೆಯ ಲಾಗ್‌ಗಳಲ್ಲಿ.

ಫಿಲ್ಟರ್ ಹಾಕಿದ್ದೇನೆ, ಆದರೂ ಎಲ್ಲ ಎಂಟ್ರಿಗಳೂ ಬರುತ್ತಿವೆ. ದೋಷವೇನೂ ತೋರಿಸುತ್ತಿಲ್ಲ.

ತೊಂಬತ್ತು ಪಾಲು ತಪ್ಪು ಸರ್ವರ್‌ನದಲ್ಲ, ನಿಮ್ಮ ಶೆಲ್‌ನದು, ಅಂದರೆ ಆದೇಶ ಓದುವ ಬ್ಯಾಶ್‌ನಂಥ ತಂತ್ರಾಂಶದ್ದು. ವಿಳಾಸವನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಬರೆದಿರಿ ಎನ್ನಿ. ಬ್ಯಾಶ್ ಅದರಲ್ಲಿನ $ಫಿಲ್ಟರ್ ಅನ್ನು ತನ್ನದೊಂದು ವೇರಿಯಬಲ್ ಎಂದುಕೊಳ್ಳುತ್ತದೆ. ಆ ಹೆಸರಿನದು ಇಲ್ಲ, ಹಾಗಾಗಿ ಖಾಲಿ ಮಾಡಿಬಿಡುತ್ತದೆ. ಸರ್ವರ್‌ಗೆ ತಲುಪುವುದು '?=ಸಿವಿಯರಿಟಿ…' ಎಂಬ ತಲೆಯಿಲ್ಲದ ಪ್ರಶ್ನೆ. ಗೊತ್ತಿಲ್ಲದ, ಡಾಲರ್‌ನಿಂದ ಶುರುವಾಗದ ಪ್ರಶ್ನೆಗಳನ್ನು ಸರ್ವರ್ ಕಡೆಗಣಿಸಬೇಕು ಎಂಬುದೇ ನಿಯಮ. ಅದು ನಿಯಮ ಪಾಲಿಸಿ ಎಲ್ಲವನ್ನೂ ಕೊಟ್ಟಿದೆ.

ಪರಿಹಾರ ಮೂರು. ಪೂರ್ತಿ ವಿಳಾಸವನ್ನು ಒಂಟಿ ಉದ್ಧರಣದೊಳಗಿಟ್ಟು ಒಳಗಿನ ಒಂಟಿ ಚಿಹ್ನೆಗಳನ್ನು %27 ಎಂದು ಬರೆಯುವುದು. ಜೋಡಿ ಉದ್ಧರಣವೇ ಬೇಕಿದ್ದರೆ ಡಾಲರ್ ಮುಂದೆ ಹಿಂಗೆರೆ (ಬ್ಯಾಕ್‌ಸ್ಲ್ಯಾಶ್) ಹಾಕುವುದು. ಅಥವಾ ಡಾಲರ್ ಅನ್ನೇ %24 ಎಂದು ಬರೆಯುವುದು. ಮೊದಲನೆಯದನ್ನು ರೂಢಿ ಮಾಡಿಕೊಂಡರೆ ತಲೆನೋವಿಲ್ಲ. ಉದ್ಧರಣವನ್ನೇ ಹಾಕದೆ ಬಿಟ್ಟರೆ ಇನ್ನೊಂದು ಗ್ರಹಚಾರ: ನಡುವಿನ ಆ್ಯಂಪರ್ಸೆಂಡ್ ಕಂಡ ತಕ್ಷಣ ಶೆಲ್ ಅಲ್ಲಿಯವರೆಗಿನದನ್ನು ಹಿನ್ನೆಲೆಗೆ ತಳ್ಳಿ, ಉಳಿದದ್ದನ್ನು ಬೇರೆ ಆದೇಶ ಎಂದು ಓದುತ್ತದೆ.

501 ಬರುತ್ತದೆ. 400 ಬರುತ್ತದೆ. ವ್ಯತ್ಯಾಸ ಏನು?

501 ಎಂದರೆ 'ಈ ಡಾಲರ್ ಪ್ರಶ್ನೆ ನನಗೆ ಬರುವುದಿಲ್ಲ'. ವಾದ ಬೇಡ, ನಿಮ್ಮ ಕಡೆ ಸೋಸಿ. 400 ಎಂದರೆ 'ಬರುತ್ತದೆ, ಆದರೆ ನೀನು ಬರೆದದ್ದು ತಪ್ಪು'. ಉತ್ತರದ ಒಡಲಿನಲ್ಲಿ ಎಕ್ಸ್‌ಟೆಂಡೆಡ್‌ಇನ್ಫೋ ಎಂಬ ಭಾಗವಿರುತ್ತದೆ. ಯಾವ ಪದದಲ್ಲಿ ಎಡವಿತೆಂದು ಅಲ್ಲಿ ಸಿಗುತ್ತದೆ. 401 ಬಂದರೆ ಟೋಕನ್ ಸತ್ತಿದೆ, ಹೊಸ ಸೆಷನ್ ತೆರೆಯಿರಿ. 503 ಬಂದರೆ ಬಿಎಂಸಿಗೆ ಉಸಿರು ಕಟ್ಟಿದೆ. ರಿಟ್ರೈ-ಆಫ್ಟರ್ ಹೆಡರ್ ಹೇಳಿದಷ್ಟು ಸೆಕೆಂಡ್ ಸುಮ್ಮನಿರಿ.

ನಿನ್ನೆಯಿಂದ ಇಂದಿನವರೆಗಿನದು ಮಾತ್ರ ಬೇಕು. ಸಮಯದ ಫಿಲ್ಟರ್ ಕೆಲಸ ಮಾಡುತ್ತಿಲ್ಲ.

ಕ್ರಿಯೇಟೆಡ್ ಜಿಇ ಒಂದು ಸಮಯ, ಆ್ಯಂಡ್, ಕ್ರಿಯೇಟೆಡ್ ಎಲ್‌ಟಿ ಇನ್ನೊಂದು ಸಮಯ. ಬರೆಯುವ ಕ್ರಮ ಇಷ್ಟೇ. ಎಡವುವುದು ಭಾರತೀಯ ಕಾಲಮಾನದ +05:30 ಹತ್ತಿರ. ವಿಳಾಸದಲ್ಲಿ ಬರುವ ಕೂಡಿಸು ಚಿಹ್ನೆಯನ್ನು ಎಷ್ಟೋ ಸರ್ವರ್‌ಗಳು ಖಾಲಿ ಜಾಗ ಎಂದು ಓದುತ್ತವೆ. '02:17:09 05:30' ಎಂಬ ಅರ್ಥವಿಲ್ಲದ ಸಮಯ ಹುಟ್ಟಿ 400 ಬರುತ್ತದೆ, ಇಲ್ಲವೇ ಖಾಲಿ ಪಟ್ಟಿ ಬರುತ್ತದೆ. ಕೂಡಿಸು ಚಿಹ್ನೆಯನ್ನು %2ಬಿ ಎಂದು ಬರೆಯಿರಿ. ಅಮೆರಿಕದಲ್ಲಿ ಕೂತು -05:00 ಬರೆಯುವ ಸಹೋದ್ಯೋಗಿಯ ಸ್ಕ್ರಿಪ್ಟ್ ಅಲ್ಲಿ ಓಡಿ, ಬೆಂಗಳೂರಿನಲ್ಲಿ ಮುಗ್ಗರಿಸುವುದು ಇದೇ ಕಾರಣಕ್ಕೆ.

ಸಮಯವನ್ನು ಒಂಟಿ ಉದ್ಧರಣದೊಳಗೆ ಇಟ್ಟು ಮೊದಲು ನೋಡಿ. 400 ಬಂದರೆ ಉದ್ಧರಣ ತೆಗೆದು ನೋಡಿ. ಇದರಲ್ಲಿ ತಯಾರಕರು ಒಮ್ಮತಕ್ಕೆ ಬಂದಿಲ್ಲ. ಮತ್ತು ಕಳಿಸುವ ಮೊದಲು ಲಾಗ್‌ಸರ್ವೀಸ್‌ನ ಡೇಟ್‌ಟೈಮ್ ಕ್ಷೇತ್ರ ಓದಿ, ಬಿಎಂಸಿ ಗಡಿಯಾರ ಈಗ ಎಷ್ಟು ಗಂಟೆ ಎನ್ನುತ್ತಿದೆ ಎಂದು ತಿಳಿದುಕೊಳ್ಳಿ. ನಿಮ್ಮ ಲ್ಯಾಪ್‌ಟಾಪ್‌ನ 'ನಿನ್ನೆ' ಅದರ 'ನಿನ್ನೆ' ಆಗಿರಬೇಕಿಲ್ಲ.

ಕೆಲವು ಎಂಟ್ರಿಗಳಿಗೆ 1970ನೇ ಇಸವಿ ಬಿದ್ದಿದೆ. ಲಾಗ್ ಕೆಟ್ಟಿದೆಯೇ?

ಕೆಟ್ಟಿಲ್ಲ. ಕರೆಂಟ್ ಬಂದಾಗ ಮೊದಲು ಏಳುವುದು ಬಿಎಂಸಿ. ಸರಿಯಾದ ಗಂಟೆ ಅದಕ್ಕೆ ಬಯಾಸ್‌ನಿಂದಲೋ (ಸರ್ವರ್ ಎಬ್ಬಿಸುವ ಫರ್ಮ್‌ವೇರ್) ಎನ್‌ಟಿಪಿಯಿಂದಲೋ (ನೆಟ್‌ವರ್ಕ್ ಮೂಲಕ ಗಂಟೆ ತಿಳಿಸುವ ಸೇವೆ) ಆಮೇಲೆ ಸಿಗುತ್ತದೆ. ಅಷ್ಟರೊಳಗೆ ನಡೆದದ್ದಕ್ಕೆ 'ನಾನು ಎದ್ದು ಇಷ್ಟು ಸೆಕೆಂಡ್ ಆಯಿತು' ಎಂದಷ್ಟೇ ಬರೆದಿಡುತ್ತದೆ. ಐಪಿಎಂಐ ನಿಯಮದಂತೆ ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಎಣಿಕೆಯಲ್ಲಿ, 20000000ರವರೆಗಿನ ಸಂಖ್ಯೆಗಳೆಲ್ಲ ಇಂಥ ಸಾಪೇಕ್ಷ ಸಮಯ. 1970ರ ಜನವರಿ 1ರಿಂದ ಸೆಕೆಂಡ್ ಎಣಿಸಿದರೆ ಆ ಮಿತಿ 1987ರ ಜನವರಿಗೆ ಬೀಳುತ್ತದೆ. ಇದನ್ನು ತಿಳಿಯದ ತಂತ್ರಾಂಶ ಅದನ್ನೇ ದಿನಾಂಕ ಎಂದು ತೋರಿಸಿದಾಗ 1970ರ ಜನವರಿ 1 ಕಾಣುತ್ತದೆ.

ಇದು ಪೀಡೆಯಾಗುವುದು ಸೋಸುವಾಗ. 'ನಿನ್ನೆಯಿಂದ' ಎಂಬ ಫಿಲ್ಟರ್ ಇವನ್ನೆಲ್ಲ ಸದ್ದಿಲ್ಲದೆ ಹೊರಗಿಡುತ್ತದೆ. ಕರೆಂಟ್ ಹೋಗಿ ಬಂದ ಹೊತ್ತಿನ ಘಟನೆಗಳು, ಅಂದರೆ ನಿಮಗೆ ಅತ್ಯಂತ ಬೇಕಾದವೇ, ಕಾಣದೆ ಹೋಗುತ್ತವೆ. ಆದ್ದರಿಂದ ಸಮಯದ ಫಿಲ್ಟರ್ ಬರೆಯುವಾಗ 'ಅಥವಾ 1990ಕ್ಕಿಂತ ಹಿಂದಿನದು' ಎಂಬ ಷರತ್ತನ್ನೂ ಸೇರಿಸಿ. ನಿಜವಾದ ಸಮಯ ಬೇಕೆಂದರೆ ಹತ್ತಿರದಲ್ಲೇ 'ಟೈಮ್‌ಸ್ಟ್ಯಾಂಪ್ ಕ್ಲಾಕ್ ಸಿಂಕ್' ಎಂಬ ಎಂಟ್ರಿಯ ಜೋಡಿ ಇದೆಯೇ ನೋಡಿ: ಗಡಿಯಾರ ತಿದ್ದುವ ಮೊದಲಿನದೊಂದು, ತಿದ್ದಿದ ನಂತರದ್ದೊಂದು. ಎರಡರ ಅಂತರವನ್ನು ಹಿಂದಿನ ಎಂಟ್ರಿಗಳಿಗೆ ಕೂಡಿಸಿದರೆ ಸರಿಯಾದ ಗಂಟೆ ಸಿಗುತ್ತದೆ.

ಲಾಗ್‌ನಲ್ಲಿ ನೂರಾರು ಇವೆ, ಆದರೆ 50 ಮಾತ್ರ ಬರುತ್ತಿವೆ.

ಪುಟ ಮಾಡಿ ಕೊಡುತ್ತಿದೆ. ಉತ್ತರದಲ್ಲಿ 'ಮೆಂಬರ್ಸ್@ಒಡೇಟಾ.ನೆಕ್ಸ್ಟ್‌ಲಿಂಕ್' ಇರುವವರೆಗೂ ಅದನ್ನು ಹಿಂಬಾಲಿಸುತ್ತಾ ಹೋಗಿ; ಅದು ಇಲ್ಲದ ಪುಟವೇ ಕೊನೆಯದು. $ಸ್ಕಿಪ್‌ಗೆ (ಇಷ್ಟನ್ನು ಹಾರಿ ಮುಂದಿನದು ಕೊಡು ಎನ್ನುವುದು) 50, 100 ಎಂದು ನೀವೇ ಲೆಕ್ಕ ಹಾಕಬೇಡಿ. ನಡುವೆ ಹೊಸ ಎಂಟ್ರಿ ಬಿದ್ದರೆ ಎಣಿಕೆ ಜಾರಿ ಒಂದು ಎಂಟ್ರಿ ಎರಡು ಸಲ ಬರಬಹುದು, ಅಥವಾ ತಪ್ಪಿಹೋಗಬಹುದು.

ಇನ್ನು ಕೆಲವು ಸರ್ವರ್‌ಗಳು ಮೆಂಬರ್ಸ್‌ನಲ್ಲಿ ಬರೀ ಕೊಂಡಿಗಳನ್ನು ಕೊಡುತ್ತವೆ, ಒಳಗಿನ ವಿವರ ಕೊಡುವುದಿಲ್ಲ. 500 ಎಂಟ್ರಿಗೆ 501 ಸಲ ಬಾಗಿಲು ತಟ್ಟಬೇಕು. ಅಂಥ ಕಡೆ $ಎಕ್ಸ್‌ಪ್ಯಾಂಡ್=. ಎಂದು ಕೊಡಿ. ಕೊನೆಯ ಚುಕ್ಕೆಯೂ ಅದರ ಭಾಗವೇ, ಬಿಡಬೇಡಿ.

$ಟಾಪ್=10 ಕೊಟ್ಟರೆ ಹಳೆಯ ಹತ್ತು ಬರುತ್ತಿವೆ. ಹೊಸವು ಬೇಕು.

ಟಾಪ್ ಎಂದರೆ 'ಪಟ್ಟಿಯ ಮೊದಲ ಹತ್ತು' ಎಂದಷ್ಟೇ. ಪಟ್ಟಿ ಹೊಸದರಿಂದ ಶುರುವಾಗಬೇಕೋ ಹಳೆಯದರಿಂದಲೋ ಎಂದು ರೆಡ್‌ಫಿಶ್ ನಿಯಮ ಮಾಡಿಲ್ಲ. ಕೆಲವು ಹೊಸದನ್ನು ಮೊದಲು ಕೊಡುತ್ತವೆ, ಕೆಲವು ಹಳೆಯದನ್ನು. ಒಡೇಟಾ ಎಂಬ ವೆಬ್ ಎಪಿಐ ನಿಯಮಾವಳಿಯಲ್ಲಿ ಇರುವ $ಆರ್ಡರ್‌ಬೈ ರೆಡ್‌ಫಿಶ್‌ನಲ್ಲಿ ಇಲ್ಲ. ಎಲ್ಲ ತಂದು ಕ್ರಿಯೇಟೆಡ್, ಆಮೇಲೆ ಐಡಿ ಪ್ರಕಾರ ನೀವೇ ಜೋಡಿಸಿಕೊಳ್ಳಿ. ಐಡಿ ಎನ್ನುವುದು ಪಠ್ಯ, ಸಂಖ್ಯೆಯಲ್ಲ. ಹಾಗೇ ಜೋಡಿಸಿದರೆ 100 ಹೋಗಿ 99ರ ಮುಂದೆ ಕೂರುತ್ತದೆ. ಸಂಖ್ಯೆಗೆ ಬದಲಿಸಿ ಜೋಡಿಸಿ.

ಫಿಲ್ಟರ್, ಸ್ಕಿಪ್, ಟಾಪ್ ಮೂರೂ ಕೊಟ್ಟರೆ ಮೊದಲು ಸೋಸಿ, ಆಮೇಲೆ ಹಾರಿ, ಕೊನೆಗೆ ಎಣಿಸುತ್ತದೆ. ವಿಳಾಸದಲ್ಲಿ ನೀವು ಬರೆದ ಕ್ರಮಕ್ಕೆ ಬೆಲೆಯಿಲ್ಲ.

ಐದು ನಿಮಿಷಕ್ಕೊಮ್ಮೆ ತರುತ್ತೇನೆ. ಹೊಸದು ಯಾವುದು ಎಂದು ಹೇಗೆ ಗುರುತಿಸುವುದು?

'ಕೊನೆಯ ಐಡಿ 49, ಹಾಗಾದರೆ 50ರಿಂದ ಹೊಸದು' ಎಂಬ ಲೆಕ್ಕ, ಯಾರೋ ಲಾಗ್ ಅಳಿಸುವವರೆಗೆ ಸರಿ. ಅಳಿಸಿದ ಮೇಲೆ ಎಷ್ಟೋ ಯಂತ್ರಗಳಲ್ಲಿ ಐಡಿ ಮತ್ತೆ 1ರಿಂದ ಶುರುವಾಗುತ್ತದೆ. ಆಗ ಹೊಸ 1ರಿಂದ 49ರವರೆಗಿನದೆಲ್ಲ 'ನೋಡಿ ಆಗಿದೆ' ಎಂದು ಬಿಟ್ಟುಹೋಗುತ್ತದೆ. ಬರೀ ಸಮಯವನ್ನು ನಂಬಿದರೆ 1970ರ ಎಂಟ್ರಿಗಳೂ, ಗಡಿಯಾರ ಹಿಂದಕ್ಕೆ ತಿರುಗಿದ ಸಂದರ್ಭಗಳೂ ಕೈತಪ್ಪುತ್ತವೆ.

ಸರ್ವರ್‌ನ ಸೀರಿಯಲ್ ನಂಬರ್, ಲಾಗ್‌ನ ಹೆಸರು, ಐಡಿ, ಕ್ರಿಯೇಟೆಡ್, ಮೆಸೇಜ್‌ಐಡಿ ಐದನ್ನೂ ಸೇರಿಸಿ ಒಂದು ಕೀಲಿ ಮಾಡಿ. ಪ್ರತಿ ಸಲ ಪೂರ್ತಿ ಲಾಗ್ ತನ್ನಿ. ಕೀಲಿ ನಿಮ್ಮ ಡೇಟಾಬೇಸ್‌ನಲ್ಲಿ ಇಲ್ಲದಿದ್ದರೆ ಹೊಸದು. ಸೋಮಾರಿ ಉಪಾಯದಂತೆ ಕಂಡರೂ ತಪ್ಪುವುದಿಲ್ಲ.

ಐದು ನಿಮಿಷ ಸರಿಯಾದ ಅಂತರವೇ. ಐದು ಸೆಕೆಂಡಿಗೊಮ್ಮೆ ಕೇಳುವವರೂ ಇದ್ದಾರೆ. ಬಿಎಂಸಿಯ ಪ್ರೊಸೆಸರ್ ಬಡಪಾಯಿ. ಅದಕ್ಕೆ ಫ್ಯಾನ್ ವೇಗ ನೋಡಿಕೊಳ್ಳುವ ಕೆಲಸವೂ ಇದೆ. ತಕ್ಷಣವೇ ತಿಳಿಯಬೇಕೆಂದರೆ ಈವೆಂಟ್‌ಸರ್ವೀಸ್‌ನ ಸಬ್‌ಸ್ಕ್ರಿಪ್ಶನ್ಸ್‌ಗೆ ಡೆಸ್ಟಿನೇಶನ್, ಪ್ರೋಟೋಕಾಲ್, ಕಾಂಟೆಕ್ಸ್ಟ್ ಕೊಟ್ಟು ಪೋಸ್ಟ್ ಮಾಡಿ. ಘಟನೆ ಆದಾಗ ಬಿಎಂಸಿಯೇ ನಿಮ್ಮ ವಿಳಾಸಕ್ಕೆ ಕಳಿಸುತ್ತದೆ. ಹಾಗೆಂದು ಐದು ನಿಮಿಷದ ಓದನ್ನು ನಿಲ್ಲಿಸಬೇಡಿ. ಕಳಿಸಿದ ಹೊತ್ತಿಗೆ ನಿಮ್ಮ ಕಡೆಯ ಸೇವೆ ಮಲಗಿದ್ದರೆ, ಕೆಲವು ಸಲ ಯತ್ನಿಸಿ ಅದು ಕೈಬಿಡುತ್ತದೆ.

ಲಾಗ್ ತುಂಬಿದರೆ ಏನಾಗುತ್ತದೆ?

ಲಾಗ್‌ಸರ್ವೀಸ್‌ನ ಓವರ್‌ರೈಟ್‌ಪಾಲಿಸಿ ನೋಡಿ. 'ರ‍್ಯಾಪ್ಸ್‌ವೆನ್‌ಫುಲ್' ಇದ್ದರೆ ಹಳೆಯದರ ಮೇಲೆ ಹೊಸದು ಬರೆಯುತ್ತದೆ. 'ನೆವರ್‌ಓವರ್‌ರೈಟ್ಸ್' ಇದ್ದರೆ ತುಂಬಿದ ಮೇಲೆ ಬರವಣಿಗೆ ನಿಂತೇಹೋಗುತ್ತದೆ. ಎರಡನೆಯದು ಅಪಾಯಕಾರಿ: ಲಾಗ್ ಶಾಂತವಾಗಿದೆ ಎಂದುಕೊಂಡಿರುತ್ತೀರಿ, ಅದು ಮೂಕವಾಗಿರುತ್ತದೆ. ಎಂಟ್ರಿಗಳ ಎಣಿಕೆ ಮ್ಯಾಕ್ಸ್‌ನಂಬರ್‌ಆಫ್‌ರೆಕಾರ್ಡ್ಸ್‌ನ 80 ಶೇಕಡಾ ದಾಟಿದಾಗ ಎಚ್ಚರಿಕೆ ಬರುವಂತೆ ಮಾಡಿಕೊಳ್ಳಿ.

ಅಳಿಸಲು ಲಾಗ್‌ಸರ್ವೀಸ್‌ನ ಆ್ಯಕ್ಷನ್ಸ್ ಭಾಗದಲ್ಲಿರುವ ಕ್ಲಿಯರ್‌ಲಾಗ್ ವಿಳಾಸಕ್ಕೆ ಖಾಲಿ ಜೇಸನ್, ಅಂದರೆ ಎರಡು ಹೂಬ್ರಾಕೆಟ್ ಮಾತ್ರ, ಪೋಸ್ಟ್ ಮಾಡಿ. ಕಂಟೆಂಟ್-ಟೈಪ್ ಹೆಡರ್ ಬಿಟ್ಟರೆ ಕೆಲವು ಯಂತ್ರಗಳು ನಿರಾಕರಿಸುತ್ತವೆ. ಮೊದಲು ಪೂರ್ತಿ ಜೇಸನ್ ಉಳಿಸಿಕೊಂಡು, ಎಂಟ್ರಿ ಎಣಿಕೆ ತಾಳೆ ನೋಡಿ, ಆಮೇಲೆ ಅಳಿಸಿ. ತಿರುಗಿ ಪಡೆಯುವ ದಾರಿ ಇಲ್ಲ.

ಲಾಗ್‌ನಲ್ಲಿ ಕ್ರಿಟಿಕಲ್ ಇದೆ, ಆದರೆ ಸರ್ವರ್ ಮುಂದಿನ ದೀಪ ಸರಿಯಾಗಿಯೇ ಇದೆ. ಯಾವುದನ್ನು ನಂಬಲಿ?

ಎರಡನ್ನೂ. ಲಾಗ್ ಆದದ್ದನ್ನು ಹೇಳುತ್ತದೆ, ದೀಪ ಈಗಿನದನ್ನು. ಮೇಲಿನ 47, 49ರ ಜೋಡಿಯಂತೆ ಸ್ಥಿತಿ ಬಂದು ಹೋಗಿರಬಹುದು. ಈಗಿನ ಆರೋಗ್ಯಕ್ಕೆ ಸಿಸ್ಟಮ್‌ನ ಸ್ಟೇಟಸ್‌ನಲ್ಲಿರುವ ಹೆಲ್ತ್‌ರೋಲಪ್ ಓದಿ. ಎಚ್ಚರಿಕೆ ಕಳಿಸುವಾಗಲೂ ಇದೇ ಬುದ್ಧಿ ಇರಲಿ: ಅಸರ್ಟ್ ಬಂದು 2 ನಿಮಿಷದೊಳಗೆ ಅದೇ ಸೆನ್ಸರ್‌ನಂಬರ್‌ನ ಡಿಅಸರ್ಟ್ ಬಂದರೆ ರಾತ್ರಿ ಯಾರನ್ನೂ ಎಬ್ಬಿಸಬೇಡಿ, ಬೆಳಗಿನ ಪಟ್ಟಿಗೆ ಹಾಕಿ. ಆದರೆ ಒಂದೇ ಜೋಡಿ ವಾರಕ್ಕೆ ಹತ್ತು ಸಲ ಬರುತ್ತಿದ್ದರೆ ಅದು ಸಡಿಲವಾದ ಕೇಬಲ್ಲೋ ಸಾಯುತ್ತಿರುವ ಫ್ಯಾನೋ ಇರುತ್ತದೆ.

ವಾರ್ನಿಂಗ್‌ಗಳನ್ನು ಪೂರ್ತಿ ಬಿಸಾಡುವುದು ಬೇಡ. ಸರಿಪಡಿಸಬಹುದಾದ ಇಸಿಸಿ ದೋಷದ ಎಂಟ್ರಿಗಳು ವಾರ್ನಿಂಗ್ ಆಗಿಯೇ ಬೀಳುವುದು ಹೆಚ್ಚು. ಒಂದೇ ಮೆಮೊರಿ ಸ್ಲಾಟ್ ಹೆಸರು ಮರುಕಳಿಸಿದರೆ, ಮುಂದೊಂದು ದಿನ ಸರಿಪಡಿಸಲಾಗದ ದೋಷ ಬಂದು ಯಂತ್ರ ನಿಲ್ಲುವ ಮೊದಲೇ ಆ ಮೆಮೊರಿಯನ್ನು ಬದಲಿಸಬಹುದು.

ತಯಾರಕರಿಗೆ ದೂರು ಕೊಡುವಾಗ ಏನೇನು ಕಳಿಸಬೇಕು?

ಸೋಸದ ಪೂರ್ತಿ ಜೇಸನ್, ಸ್ಕ್ರೀನ್‌ಶಾಟ್ ಅಲ್ಲ. ಜೊತೆಗೆ ಸೀರಿಯಲ್ ನಂಬರ್, ಬಿಎಂಸಿ ಮತ್ತು ಬಯಾಸ್‌ನ ಫರ್ಮ್‌ವೇರ್ ಆವೃತ್ತಿ, ಹಾಗೂ ಲಾಗ್ ತೆಗೆದ ಕ್ಷಣದಲ್ಲಿ ಬಿಎಂಸಿ ಗಡಿಯಾರ ಎಷ್ಟಿತ್ತು, ನಿಜವಾದ ಗಂಟೆ ಎಷ್ಟಿತ್ತು ಎಂಬ ಒಂದು ಸಾಲು. ಈ ಕೊನೆಯದನ್ನು ಬಿಟ್ಟರೆ ಎರಡು ದಿನ ಬಿಟ್ಟು ಅದನ್ನೇ ಕೇಳಿ ಅವರಿಂದ ಮೇಲ್ ಬರುತ್ತದೆ.